ಕೋಚ್ ಬಾಯಿಮಾತು ನಂಬಿ ಕಾಲೇಜು ಆರಿಸಬೇಡಿ

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಂದ ಕಾಲೇಜು ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್, ಸಾಕರ್ ಅಲ್ಲ) ದುಡ್ಡಿನ ಬಗ್ಗೆ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇವೆ. ಹೆಸರು, ಮುಖ ಬಳಸಲು ಬಿಟ್ಟು ಆಟಗಾರ ಪಡೆಯುವ ಈ ದುಡ್ಡಿಗೆ ಎನ್‌ಐಎಲ್ ಅನ್ನುತ್ತಾರೆ. ಆಟಗಾರರ ಒಪ್ಪಂದ ಓದುವ ವಕೀಲನಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಈಗ ಕಾಲೇಜು ಆಟಗಾರರೆಲ್ಲ ಕೋಟಿಗಟ್ಟಲೆ ದುಡಿಯುತ್ತಾರಂತೆ, ನಿಜವೇ?

ಇಲ್ಲ. ಸುದ್ದಿಯಾಗುವುದು ಬೆರಳೆಣಿಕೆಯ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ತಂಡದ ದಾಳಿ ನಡೆಸುವ ಆಟಗಾರರು.

ಪ್ರಶ್ನೆ: ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ, ಲೈನ್‌ಬ್ಯಾಕರ್ (ರಕ್ಷಣಾ ಆಟಗಾರ). ದೊಡ್ಡ ಯೂನಿವರ್ಸಿಟಿಯೊಂದರ ಸಹಾಯಕ ಕೋಚ್ ಫೋನ್ ಮಾಡಿ, ಬಂದರೆ ವರ್ಷಕ್ಕೆ 2 ಲಕ್ಷ ಡಾಲರ್ ಕೊಡಿಸುತ್ತೇವೆ ಎಂದಿದ್ದಾರೆ. ಚಿಕ್ಕ ಕಾಲೇಜೊಂದು ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತಿದೆ. ಯಾವುದನ್ನು ಒಪ್ಪಬೇಕು? (ಡಲ್ಲಾಸ್‌ನ ತಂದೆ)

ಆ 2 ಲಕ್ಷ ಯಾರ ಜೇಬಿನಿಂದ ಬರುತ್ತದೆ ಅಂತ ಕೇಳಿದಿರಾ? ನಿಮ್ಮ ಪತ್ರದಲ್ಲಿ ಅದೇ ಇಲ್ಲ. ಎಲ್ಲ ಅಪ್ಪ-ಅಮ್ಮಂದಿರೂ ಎಷ್ಟು ಅಂತ ಬರೆಯುತ್ತಾರೆ, ಯಾರು ಅಂತ ಬರೆಯುವುದೇ ಇಲ್ಲ.

ದುಡ್ಡು ಬರಲು ಈಗ ಎರಡು ದಾರಿ ಇವೆ. 2021ರ ಜುಲೈ 1ರಿಂದ ಹೊರಗಿನ ಕಂಪನಿಗಳು ಕೊಡಬಹುದು. ತಂಡದ ಶ್ರೀಮಂತ ಅಭಿಮಾನಿಗಳು ಚಂದಾ ಎತ್ತಿ ಕಟ್ಟಿಕೊಂಡ 'ಕಲೆಕ್ಟಿವ್'ಗಳೂ ಇದೇ ದಾರಿಯಲ್ಲಿ ಬಂದವು. ಎರಡನೆಯದು ಹೊಸದು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಕಾಲೇಜು ಆಟಗಾರರು ಹಾಕಿದ್ದ 'ಹೌಸ್' ಮೊಕದ್ದಮೆಯ ರಾಜಿ ಒಪ್ಪಿದ ಮೇಲೆ ಕಾಲೇಜೇ ನೇರವಾಗಿ ಆಟಗಾರರಿಗೆ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್, ಅದೂ ಎಲ್ಲ ಆಟಗಳಿಗೂ ಸೇರಿ. ಹೊರಗಿನವರ ಒಪ್ಪಂದ 600 ಡಾಲರ್ ಅಥವಾ ಜಾಸ್ತಿ ಇದ್ದರೆ ಪರಿಶೀಲನೆಗೆ ಕೊಡಲೇಬೇಕು. ಅದರ ಹಿಂದೆ ನಿಜವಾದ ವ್ಯಾಪಾರ ಇದೆಯಾ, ಬೆಲೆ ಸರಿಯಾಗಿದೆಯಾ ಅಂತ ನೋಡುತ್ತಾರೆ. ಇಲ್ಲದಿದ್ದರೆ ಒಪ್ಪುವುದಿಲ್ಲ. ಅಂದರೆ ಕಾಲೇಜು ತಾನೇ ಸಹಿ ಹಾಕಿ ಕೊಡುವ ದುಡ್ಡಿಗೆ ಒಂದು ತೂಕ, 'ಯಾರಿಂದಲಾದರೂ ಕೊಡಿಸುತ್ತೇವೆ' ಅನ್ನುವುದಕ್ಕೆ ಬೇರೆಯೇ ತೂಕ.

2024ರಲ್ಲಿ ಮ್ಯಾಥ್ಯೂ ಸ್ಲೂಕಾ ಎಂಬ ಕ್ವಾರ್ಟರ್‌ಬ್ಯಾಕ್ ಮೂರು ಪಂದ್ಯ ಗೆದ್ದುಕೊಟ್ಟು ನೆವಾಡಾ ಲಾಸ್ ವೇಗಸ್ ತಂಡದಿಂದ ಹೊರಬಂದ. ಸಹಾಯಕ ಕೋಚ್ 1 ಲಕ್ಷ ಡಾಲರ್ ಕೊಡುವುದಾಗಿ ಬಾಯಲ್ಲಿ ಹೇಳಿದ್ದರು ಅನ್ನುವುದು ಅವನ ಕಡೆಯವರ ದೂರು. ಯೂನಿವರ್ಸಿಟಿ ಅದನ್ನು ಒಪ್ಪಲಿಲ್ಲ. ಕಾಗದ ಇದ್ದರೂ ಸಾಲದು, ಅದನ್ನು ಓದಬೇಕು. ಜೇಡನ್ ರಶಾಡಾ ಎಂಬ ಹೈಸ್ಕೂಲ್ ಕ್ವಾರ್ಟರ್‌ಬ್ಯಾಕ್ ಫ್ಲಾರಿಡಾ ಯೂನಿವರ್ಸಿಟಿ ಸೇರಲು ಒಪ್ಪಿದ್ದು ಸುಮಾರು 1 ಕೋಟಿ 38 ಲಕ್ಷ ಡಾಲರ್ ಒಪ್ಪಂದದ ಬಲದ ಮೇಲೆ. ಕಲೆಕ್ಟಿವ್ ಅದನ್ನು ರದ್ದು ಮಾಡಿತು. ಹುಡುಗ ಬೇರೆ ಕಾಲೇಜಿಗೆ ಹೋದ. 2024ರಲ್ಲಿ ಫ್ಲಾರಿಡಾದ ಹೆಡ್ ಕೋಚ್ ಮೇಲೆ ಕೇಸ್ ಹಾಕಿದ.

2025ರ ಆಗಸ್ಟ್ 1ರಿಂದ ಕೊನೆಯ ವರ್ಷದ ಹೈಸ್ಕೂಲ್ ಹುಡುಗರಿಗೆ ಕಾಲೇಜುಗಳು ತಾವು ಕೊಡುವ ಮೊತ್ತವನ್ನು ಬರೆದೇ ಕೊಡಬಹುದು. ಹಾಗಾಗಿ 'ಸೇರಿದ ಮೇಲೆ ನೋಡೋಣ' ಅನ್ನುವವರ ಮಾತು ಕೇಳಬೇಡಿ. ಬರಹದಲ್ಲಿ ಕೇಳಿ. ಬಂದರೆ ನಾಲ್ಕು ವಿಷಯ ಹುಡುಕಿ: ಗಾಯವಾದರೆ ದುಡ್ಡು ನಿಲ್ಲುತ್ತದಾ, ಹೆಡ್ ಕೋಚ್ ಬದಲಾದರೆ ಏನು, ಅವರು ಒಬ್ಬರೇ ರದ್ದು ಮಾಡಬಹುದಾ, ಮಗ ಬಿಟ್ಟು ಹೋದರೆ ವಾಪಸ್ ಕಟ್ಟಬೇಕಾ. ಕೊನೆಯದನ್ನು ಯಾರೂ ಓದುವುದಿಲ್ಲ. ನನಗೆ ಅತಿ ಹೆಚ್ಚು ಭಯ ಅದರದ್ದೇ.

ಇನ್ನೊಂದು ಮಾತು ನಿಮಗೆ ಇಷ್ಟವಾಗಲಿಕ್ಕಿಲ್ಲ. ಮೊದಲೆಲ್ಲ ಕೋಚ್ 18ರ ಹುಡುಗನನ್ನು ತಂದು ಎರಡು ಮೂರು ವರ್ಷ ತಯಾರು ಮಾಡುತ್ತಿದ್ದರು. ಈಗ ದುಡ್ಡು ಕೊಟ್ಟ ಮೇಲೆ ಅದೇ ವರ್ಷ ಫಲಿತಾಂಶ ಬೇಕು. ಆದ್ದರಿಂದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿ) 21ರ ಹುಡುಗನನ್ನು ಹುಡುಕುತ್ತಾರೆ. ಅವನು ಈಗಾಗಲೇ ಕಾಲೇಜು ಮಟ್ಟದಲ್ಲಿ ಆಡಿ ತೋರಿಸಿರುತ್ತಾನೆ. 2024ರಿಂದ ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. ರಾಜಿ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 105 ಜನರ ಮಿತಿ ಬೇರೆ ಬಂದಿದೆ. ನಿಮ್ಮ ಮಗ ದೊಡ್ಡ ತಂಡದಲ್ಲಿ ಬೆಂಚಿನ ಮೇಲೆ ಕೂತಿರುವಾಗಲೇ ಅವನ ಜಾಗಕ್ಕೆ ದೊಡ್ಡವನೊಬ್ಬ ಬಂದುಬಿಡಬಹುದು.

ಅದಕ್ಕೇ ದೊಡ್ಡ ಯೂನಿವರ್ಸಿಟಿಯವರು ಬರೆದು ಕೊಡದಿದ್ದರೆ ಚಿಕ್ಕ ಕಾಲೇಜಿಗೇ ಕಳಿಸಿ ಅನ್ನುತ್ತೇನೆ. ಅಲ್ಲಿ ಎರಡು ವರ್ಷ ನಿಜವಾಗಿ ಮೈದಾನಕ್ಕಿಳಿಯಲಿ. ಚೆನ್ನಾಗಿ ಆಡಿದರೆ ಇದೇ ಪೋರ್ಟಲ್ ಅವನಿಗೂ ತೆರೆದಿರುತ್ತದೆ, ಆಗ ಬೆಲೆ ಮಾತಾಡುವ ಶಕ್ತಿ ಅವನ ಕೈಯಲ್ಲಿರುತ್ತದೆ. ಸಹಿ ಹಾಕಿಸಲು ಆತುರಪಡಿಸುವವರ ಹತ್ತಿರ ನಾನು ಯಾರನ್ನೂ ಕಳಿಸುವುದಿಲ್ಲ.

ಪ್ರಶ್ನೆ: 'ರಿಕ್ರೂಟಿಂಗ್ ಕನ್ಸಲ್ಟೆಂಟ್' ಒಬ್ಬರು ಮುಂಗಡ ಫೀಸ್ ಕೊಟ್ಟರೆ ಎನ್‌ಐಎಲ್ ಗ್ಯಾರಂಟಿ ಎನ್ನುತ್ತಾರೆ. ಕೊಡಬಹುದಾ?

ಕೊಡಬೇಡಿ. ಗ್ಯಾರಂಟಿ ಕೊಡಲು ಅವರು ಯಾರು? ಕೋಚ್‌ಗಳು ನೋಡುವುದು ಪಂದ್ಯದ ವಿಡಿಯೊ.

ಪ್ರಶ್ನೆ: ಕಂಪನಿಯೊಂದು ಈಗಲೇ ದೊಡ್ಡ ಮೊತ್ತ ಕೊಟ್ಟು, ಮುಂದೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಸಂಬಳದಲ್ಲಿ ಸ್ವಲ್ಪ ಪಾಲು ಕೇಳುತ್ತಿದೆ. ಒಪ್ಪಬಹುದಾ?

ಬೇಡವೇ ಬೇಡ. ಫ್ಲಾರಿಡಾದ ಜರ್ವಾನ್ ಡೆಕ್ಸ್‌ಟರ್ 2022ರಲ್ಲಿ 4,36,485 ಡಾಲರ್‌ಗೆ ಇಂಥದ್ದಕ್ಕೆ ಸಹಿ ಹಾಕಿದ್ದ. ಬದಲಿಗೆ 25 ವರ್ಷ ಎನ್‌ಎಫ್‌ಎಲ್ ಗಳಿಕೆಯಲ್ಲಿ ಶೇ 15 ಕೊಡಬೇಕಿತ್ತು, ಅದೂ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ. ಮರುವರ್ಷವೇ ದುಡ್ಡು ಕೊಟ್ಟ ಕಂಪನಿ ಮೇಲೆ ಕೋರ್ಟಿಗೆ ಹೋದ. 20ರ ಹುಡುಗನ ಮುಂದೆ ಇಂಥ ಕಾಗದ ಇಡುವವರ ಮೇಲೆ ನನಗೆ ತುಂಬ ಕೋಪವಿದೆ.

ಪ್ರಶ್ನೆ: ವಿದ್ಯಾರ್ಥಿ ಅಲ್ವಾ, ಟ್ಯಾಕ್ಸ್ ಯಾಕೆ?

ಇದು ಸ್ಕಾಲರ್‌ಶಿಪ್ ಅಲ್ಲ, ಆದಾಯ. ಆದಾಯ ತೆರಿಗೆ ಜೊತೆಗೆ ಸಾಮಾನ್ಯವಾಗಿ ಸ್ವಂತ ದುಡಿಮೆಯ ತೆರಿಗೆ ಶೇ 15.3 ಸೇರುತ್ತದೆ. ಬಂದದ್ದರಲ್ಲಿ ಮೂರನೇ ಒಂದು ಭಾಗ ಮುಟ್ಟದೆ ಎತ್ತಿಡಿ.

ಪ್ರಶ್ನೆ: ಮಗ ಎಚ್-4 ವೀಸಾದಲ್ಲಿದ್ದಾನೆ (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು). ಗ್ರೀನ್ ಕಾರ್ಡ್ ಸರದಿ ಬಂದಿಲ್ಲ, 21ಕ್ಕೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾನೆ. ಎನ್‌ಐಎಲ್ ದುಡ್ಡನ್ನು 'ಪ್ಯಾಸಿವ್ ಇನ್‌ಕಮ್' (ಕೆಲಸ ಮಾಡದೆ ಬರುವ ಆದಾಯ) ಅಂತ ತೋರಿಸಿದರೆ ಸಾಕು ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಹೇಳುತ್ತಾರೆ.

ಆ ಗುಂಪಿನವರು ನಿಮ್ಮ ಮಗನ ವೀಸಾ ಉಳಿಸಿಕೊಡುವುದಿಲ್ಲ. ಎಚ್-4ನಲ್ಲಿರುವ ಮಕ್ಕಳು ಕೆಲಸ ಮಾಡುವಂತಿಲ್ಲ. ಎಫ್-1ನಲ್ಲೂ ಕೆಲಸಕ್ಕೆ ಬಿಗಿ ಮಿತಿ ಇದೆ. ಜಾಹೀರಾತಿಗೆ ಪೋಸ್ ಕೊಡುವುದು, ಆಟೋಗ್ರಾಫ್ ಕಾರ್ಯಕ್ರಮಕ್ಕೆ ಹೋಗುವುದು ಕೆಲಸವೆಂದು ಎಣಿಸಿದರೆ ಓದು, ಆಟ ಎರಡೂ ಹೋಗುತ್ತವೆ. ಇಮಿಗ್ರೇಷನ್ ವಕೀಲರು ಬರಹದಲ್ಲಿ ಸರಿ ಎನ್ನುವವರೆಗೆ ಒಂದು ಡಾಲರೂ ತೆಗೆದುಕೊಳ್ಳಬೇಡಿ.