ಉಪವಾಸ ಇವತ್ತೋ ನಾಳೆಯೋ? ತಿಥಿ ನೋಡುವ ಹೊತ್ತು

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ್ದರಲ್ಲಿ ಬಹುಪಾಲು ಒಂದೇ ಗೊಂದಲ: ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನ, ಪಂಚಾಂಗದಲ್ಲಿ ಮಾರನೇ ದಿನ. ಎಲ್ಲ ವ್ರತಕ್ಕೂ ‘ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ’ ಎಂದು ಲೆಕ್ಕ ಹಾಕುವುದರಿಂದಲೇ ಇದರಲ್ಲಿ ಮುಕ್ಕಾಲು ಪಾಲು ಹುಟ್ಟುತ್ತದೆ. ಒಂದೊಂದು ವ್ರತಕ್ಕೆ ಒಂದೊಂದು ಕರ್ಮಕಾಲ, ಅಂದರೆ ಅದರ ಮುಖ್ಯ ಆಚರಣೆ ನಡೆಯಬೇಕಾದ ಹೊತ್ತು, ಇದೆ. ಆ ಹೊತ್ತಿಗೆ, ನೀವಿರುವ ಊರಿನಲ್ಲಿ, ತಿಥಿ ಇದೆಯೇ ಎಂದು ನೋಡಬೇಕು.

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆಯಲ್ಲಿ ಬುಧವಾರ ಏಕಾದಶಿ ಮಾಡಿದೆವು, ಪಕ್ಕದ ಅಯ್ಯಂಗಾರರ ಮನೆಯಲ್ಲಿ ಗುರುವಾರ ಮಾಡಿದರು. ಇಬ್ಬರೂ ನೋಡಿದ್ದು ಒಂದೇ ಪಂಚಾಂಗ. ಯಾರದು ಸರಿ?

ಉತ್ತರ: ಇಬ್ಬರದೂ ಸರಿ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒಂದು ತಿಥಿ. ಚಂದ್ರನ ವೇಗ ದಿನದಿನಕ್ಕೆ ಬದಲಾಗುವುದರಿಂದ ಒಂದು ತಿಥಿ 20 ಗಂಟೆಗೇ ಮುಗಿದರೆ ಇನ್ನೊಂದು 26 ಗಂಟೆ ದಾಟುತ್ತದೆ. ಸರಾಸರಿ 23 ಗಂಟೆ 37 ನಿಮಿಷ. ಹಾಗಾಗಿ ತಿಥಿ ಹಿಡಿಯುವುದು ಮಟಮಟ ಮಧ್ಯಾಹ್ನವೂ ಆದೀತು, ನಡುರಾತ್ರಿಯೂ ಆದೀತು.

ಏಕಾದಶಿಯಲ್ಲಿ ಎಲ್ಲರೂ ತಪ್ಪಿಸಲು ನೋಡುವುದು ದಶಮಿಯ ಸೋಂಕನ್ನು, ಅಂದರೆ ವೇಧೆಯನ್ನು. ಸ್ಮಾರ್ತರು ಸೂರ್ಯೋದಯದ ಕ್ಷಣವನ್ನು ನೋಡುತ್ತಾರೆ: ಆಗ ದಶಮಿ ಕಳೆದು ಏಕಾದಶಿ ಬಂದಿದ್ದರೆ ಉಪವಾಸ ಅಂದೇ. ಮಾಧ್ವರು, ಶ್ರೀವೈಷ್ಣವರು ಅದಕ್ಕೂ ಹಿಂದಿನ ಅರುಣೋದಯವನ್ನು ನೋಡುತ್ತಾರೆ. ಸೂರ್ಯೋದಯಕ್ಕೆ 4 ಘಟಿ, ಎಂದರೆ 96 ನಿಮಿಷ ಮುಂಚೆ ಅರುಣೋದಯ ಶುರು. ಆ 96 ನಿಮಿಷದೊಳಗೆ ದಶಮಿ ಒಂದಿಷ್ಟು ಉಳಿದಿದ್ದರೂ ಆ ಏಕಾದಶಿ ವಿದ್ಧ, ಅಂದರೆ ದಶಮಿ ಸೋಂಕಿದ್ದು. ಉಪವಾಸ ಮಾರನೇ ದಿನಕ್ಕೆ, ದ್ವಾದಶಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಮಂಗಳವಾರದ ಸಾಲಿನಲ್ಲಿ ‘ದಶಮಿ 57-20’ ಎಂದಿದೆ ಎನ್ನಿ. ಸೂರ್ಯೋದಯದಿಂದ 57 ಘಟಿ 20 ವಿಘಟಿಯವರೆಗೆ ದಶಮಿ ಇದೆ ಎಂದು ಅದರ ಅರ್ಥ. ಒಂದು ಘಟಿಗೆ 24 ನಿಮಿಷ, ಒಂದು ವಿಘಟಿಗೆ 24 ಸೆಕೆಂಡು. 57ನ್ನು 24ರಿಂದ ಗುಣಿಸಿದರೆ 1368 ನಿಮಿಷ, 20 ವಿಘಟಿಗೆ 8 ನಿಮಿಷ. ಒಟ್ಟು 1376 ನಿಮಿಷ, ಅಂದರೆ 22 ಗಂಟೆ 56 ನಿಮಿಷ. ಹಾಸನದಲ್ಲಿ ಸೂರ್ಯೋದಯ 6.30 ಆಗಿದ್ದರೆ ದಶಮಿ ಮುಗಿಯುವುದು ಬುಧವಾರ ಬೆಳಗಿನ ಜಾವ 5.26ಕ್ಕೆ. ಬುಧವಾರದ ಅರುಣೋದಯ 4.54ಕ್ಕೇ ಶುರುವಾಗಿರುತ್ತದೆ. 5.26ಕ್ಕೆ ದಶಮಿ ಮುಗಿದಿರುವುದರಿಂದ ಸ್ಮಾರ್ತರಿಗೆ 6.30ರ ಸೂರ್ಯೋದಯ ಶುದ್ಧ, ಬುಧವಾರವೇ ಉಪವಾಸ. 4.54ರಿಂದ 5.26ರವರೆಗೆ ದಶಮಿ ಇದ್ದದ್ದರಿಂದ ವೈಷ್ಣವರಿಗೆ ಗುರುವಾರ.

ಗುಣಾಕಾರ ಬೇಡವೆನ್ನುವವರಿಗೆ ದಶಮಿಯ ಸಾಲಿನಲ್ಲಿ 56 ಎಂಬ ಅಂಕಿಯೇ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ದಶಮಿಯ ವೇಧೆ ಇಬ್ಬರಿಗೂ ಇಲ್ಲ. 56ರಿಂದ 60ರ ನಡುವೆ ಇದ್ದರೆ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮಾರನೇ ದಿನ. ಕೆಲವು ಮಠಗಳಲ್ಲಿ ಈ ಗಡಿ ಒಂದೆರಡು ಘಟಿ ಹಿಂದೆ ಮುಂದೆ ಇರುತ್ತದೆ. ಅಂಕಿ 54ರಿಂದ 57ರೊಳಗೆ ಬಿದ್ದ ದಿನ ನಿಮ್ಮ ಮಠದ ಪಂಚಾಂಗದ ನಿರ್ಣಯವನ್ನೇ ನೋಡಿ, ಸ್ವಂತ ಲೆಕ್ಕ ಹಿಡಿಯಬೇಡಿ.

ಏಕಾದಶಿಯೇ ದೊಡ್ಡದಾಗಿ ಎರಡು ಸೂರ್ಯೋದಯಗಳನ್ನು ಮುಟ್ಟುವುದೂ ಉಂಟು. ದ್ವಾದಶಿಯೂ ಹಾಗೆಯೇ ಬೆಳೆದು ಮೂರನೇ ದಿನದ ಸೂರ್ಯೋದಯಕ್ಕೆ ಇದ್ದರೆ ಎಲ್ಲರಿಗೂ ಎರಡನೇ ದಿನ. ಏಕಾದಶಿ ಮಾತ್ರ ಬೆಳೆದಿದ್ದರೆ ಸ್ಮಾರ್ತ ಗೃಹಸ್ಥರಿಗೆ ಮೊದಲ ದಿನ, ಯತಿಗಳಿಗೂ ವೈಷ್ಣವರಿಗೂ ಎರಡನೇ ದಿನ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ನಾವು ಅರಸೀಕೆರೆಯಲ್ಲಿ ವೈಷ್ಣವ ಏಕಾದಶಿ ಮಾಡುವ ದಿನವೇ ಅವನೂ ಮಾಡಬೇಕಲ್ಲವೇ?

ಉತ್ತರ: ಬೇಡ. ಅವನು ತನ್ನ ಊರಿನ ಸೂರ್ಯೋದಯಕ್ಕೆ ಮಾಡಬೇಕು. ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಮೇಲಿನ ಉದಾಹರಣೆಯಲ್ಲೇ ನಮ್ಮ ಬುಧವಾರ ಬೆಳಗಿನ 5.26 ಎಂದರೆ ಅಲ್ಲಿ ಇನ್ನೂ ಮಂಗಳವಾರ ಸಂಜೆ. ಅವರ ಬುಧವಾರದ ಅರುಣೋದಯಕ್ಕೆ ದಶಮಿಯ ಸುಳಿವೂ ಇರುವುದಿಲ್ಲ. ಹಾಗಾಗಿ ನಿಮಗೆ ಗುರುವಾರ, ಅವನಿಗೆ ಬುಧವಾರ. ಒಂದೇ ಸಂಪ್ರದಾಯ, ಒಂದೇ ನಿಯಮ.

ಇದೇ ಕಾರಣಕ್ಕೆ ಫೋನಿನ ಆ್ಯಪ್‌ನಲ್ಲಿ ಮೊದಲು ಊರಿನ ಹೆಸರು ನೋಡಿಕೊಳ್ಳಿ. ಅದು ದೆಹಲಿಯಲ್ಲಿ ನಿಂತಿದ್ದರೆ ಜೂನ್‌ನಲ್ಲಿ ಸೂರ್ಯೋದಯವನ್ನು ನಮಗಿಂತ ಅರ್ಧ ಗಂಟೆಗೂ ಹೆಚ್ಚು ಮೊದಲು ತೋರಿಸುತ್ತದೆ, ಜನವರಿಯಲ್ಲಿ 20 ನಿಮಿಷ ತಡವಾಗಿ. ಬೆಂಗಳೂರಿನ ಪಂಚಾಂಗದಿಂದ ಅಷ್ಟು ತೊಂದರೆಯಿಲ್ಲ: ಅಲ್ಲಿಗಿಂತ ಹಾಸನಕ್ಕೆ ಸುಮಾರು 6 ನಿಮಿಷ, ಚಿಕ್ಕಮಗಳೂರಿಗೆ 7 ನಿಮಿಷ ತಡವಾಗಿ ಬೆಳಗಾಗುತ್ತದೆ. ಘಟಿಯಲ್ಲಿ ಕೊಟ್ಟ ಅಂಕಿಯಿಂದ 15ರಿಂದ 17 ವಿಘಟಿ ಕಳೆದರೆ ನಿಮ್ಮ ಊರಿನದು ಸಿಗುತ್ತದೆ. ಇನ್ನೊಂದು ಮಾತು: ಆ್ಯಪ್‌ನಲ್ಲಿ ‘26.10’ ಎಂದು ಕಂಡರೆ ಅದು ಮುದ್ರಣದೋಷವಲ್ಲ, ಮಾರನೇ ದಿನದ ನಸುಕಿನ 2.10.

ಚಿಕ್ಕಮಗಳೂರಿನವರಿಗೆ ಸಂತೋಷದ ಸಂಗತಿಯೊಂದಿದೆ. ನಮ್ಮ ಹಳೆಯ ಜ್ಯೋತಿಷಿಗಳು ಲೆಕ್ಕಕ್ಕೆ ಮೂಲವಾಗಿ ಹಿಡಿದ ಮಧ್ಯರೇಖೆ ಉಜ್ಜಯಿನಿಯ ಮೇಲೆ ಹಾಯುತ್ತದೆ, ಸುಮಾರು 75.8 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಚಿಕ್ಕಮಗಳೂರು ಪೇಟೆಯೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ. ಮಧ್ಯರೇಖೆಗೆ ಹಾಕಿದ ಗಣಿತಕ್ಕೆ ಇಲ್ಲಿ ದೇಶಾಂತರ ಸಂಸ್ಕಾರ, ಅಂದರೆ ರೇಖಾಂಶದ ವ್ಯತ್ಯಾಸಕ್ಕೆ ಮಾಡುವ ತಿದ್ದುಪಡಿ, ಬೇಕಾಗುವುದೇ ಇಲ್ಲ ಎನ್ನಬಹುದು.

ಪ್ರಶ್ನೆ: ದ್ವಾದಶಿ ದಿನ ಎಷ್ಟು ಹೊತ್ತಿಗೆ ಪಾರಣೆ (ಉಪವಾಸ ಬಿಡುವುದು)? ಕೆಲವೊಮ್ಮೆ ಹತ್ತು ಗಂಟೆಯವರೆಗೆ ಕಾಯಿರಿ ಎನ್ನುತ್ತಾರೆ, ಕೆಲವೊಮ್ಮೆ ಏಳಕ್ಕೇ ಮುಗಿಸಿ ಎನ್ನುತ್ತಾರೆ.

ಉತ್ತರ: ಎರಡೂ ಒಂದೇ ನಿಯಮದ ಎರಡು ತುದಿ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ. ಅದು ಕಳೆಯುವ ತನಕ ಪಾರಣೆ ಇಲ್ಲ. ಹರಿವಾಸರ ಕಳೆದ ಮೇಲೆ, ದ್ವಾದಶಿ ಮುಗಿಯುವ ಮೊದಲು ಪಾರಣೆಯಾಗಬೇಕು. ಮೇಲಿನ ಉದಾಹರಣೆಯನ್ನೇ ಮುಂದುವರಿಸಿ: ಗುರುವಾರ ಬೆಳಗಿನ ಜಾವ 4.10ಕ್ಕೆ ದ್ವಾದಶಿ ಹಿಡಿದು ಶುಕ್ರವಾರ ನಸುಕಿನ 3ಕ್ಕೆ ಮುಗಿಯುತ್ತದೆ ಎನ್ನಿ. ಒಟ್ಟು 22 ಗಂಟೆ 50 ನಿಮಿಷ, ಅದರ ಕಾಲು ಭಾಗ ಸುಮಾರು 5 ಗಂಟೆ 42 ನಿಮಿಷ. ಬುಧವಾರ ಉಪವಾಸವಿದ್ದ ಸ್ಮಾರ್ತರು ಗುರುವಾರ 9.52ರ ನಂತರವೇ ಎಲೆಯ ಮುಂದೆ ಕೂರಬೇಕು.

ಇನ್ನು ಕೆಲವು ಸಲ ದ್ವಾದಶಿ ಸೂರ್ಯೋದಯವಾಗಿ ಅರ್ಧ ಗಂಟೆಗೇ ಮುಗಿದುಬಿಡುತ್ತದೆ. ಆಗ ಸ್ನಾನ, ಪೂಜೆ, ಅಡುಗೆ ಎಲ್ಲವನ್ನೂ ಅರುಣೋದಯದಲ್ಲೇ ಮುಗಿಸಿಕೊಳ್ಳಬೇಕು. ಎಡವಟ್ಟಾಗುವುದು ಇಲ್ಲಿಯೇ: ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಎಲ್ಲ ಆಗಲೆಂದು ಕಾಯುತ್ತಾ ಕುಳಿತು ದ್ವಾದಶಿ ಕೈಬಿಟ್ಟುಹೋಗುತ್ತದೆ. ಅಡುಗೆ ಆಗದಿದ್ದರೆ ಹೊತ್ತು ಮೀರುವ ಮುಂಚೆ ತೀರ್ಥ ತೆಗೆದುಕೊಳ್ಳಿ. ಜಲಪಾರಣೆಯಿಂದಲೂ ವ್ರತ ಪೂರ್ಣವಾಗುತ್ತದೆ, ಊಟ ನಿಧಾನವಾಗಿ ಆಗಲಿ.

ಪ್ರಶ್ನೆ: ಅಮ್ಮನಿಗೆ 74, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ನಡೆಯುತ್ತಿದೆ. ನಿರಾಹಾರ ಏಕಾದಶಿ ಬಿಡಲು ಒಪ್ಪುತ್ತಿಲ್ಲ.

ಉತ್ತರ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಅಪೇಕ್ಷೆ, ಗುರುವಿನ ಮಾತು, ಔಷಧ, ಈ ಎಂಟರಿಂದ ವ್ರತ ಕೆಡುವುದಿಲ್ಲ ಎಂಬ ಶಾಸ್ತ್ರವಚನವನ್ನು ಅವರಿಗೆ ಓದಿ ಹೇಳಿ. ಉಪವಾಸದ ವಿಧಿಯೇ 8 ವರ್ಷ ದಾಟಿದವರಿಗೆ, 80 ತುಂಬದವರಿಗೆ ಎಂದಿದೆ. ರೋಗಿಗಳಿಗೆ ರಿಯಾಯಿತಿ ಬೇರೆ. ಇನ್ಸುಲಿನ್ ತೆಗೆದುಕೊಂಡು ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹಾಗೆಂದು ಇನ್ಸುಲಿನ್ನನ್ನು ತಾವೇ ನಿಲ್ಲಿಸುವುದೂ ಅಪಾಯ. ಏಕಾದಶಿಗೆ ನಾಲ್ಕು ದಿನ ಮುಂಚೆಯೇ ವೈದ್ಯರ ಹತ್ತಿರ ಆ ದಿನದ ಡೋಸ್ ಕೇಳಿಕೊಂಡು ಹಾಲು ಹಣ್ಣಿನ ಹೊತ್ತುಗಳನ್ನು ಗೊತ್ತು ಮಾಡಿ. ನಡುಕ, ಬೆವರು ಕಂಡರೆ ತಕ್ಷಣ ಪರೀಕ್ಷಿಸಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆಯನ್ನು, ಅಂದರೆ ಮೂರರಿಂದ ನಾಲ್ಕು ಟೀ ಚಮಚದಷ್ಟನ್ನು, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೂಡಿಗೆರೆ ಕಡೆ ಆಷಾಢ, ಶ್ರಾವಣದಲ್ಲಿ ಚಂದ್ರ ಕಾಣುವುದೇ ಅಪರೂಪ. ಸಂಕಷ್ಟಿಯ ಊಟ ಯಾವಾಗ? ಜೊತೆಗೆ, ಚೌತಿ ಬುಧವಾರ ಬೆಳಿಗ್ಗೆ ಇದ್ದರೂ ಕ್ಯಾಲೆಂಡರ್ ಮಂಗಳವಾರವೇ ಸಂಕಷ್ಟಿ ಎನ್ನುತ್ತದೆ, ಏಕೆ?

ಉತ್ತರ: ಸಂಕಷ್ಟಿಗೆ ಬೆಳಗಿನ ತಿಥಿಯಿಂದ ಏನೂ ಆಗಬೇಕಾಗಿಲ್ಲ. ಚಂದ್ರ ಹುಟ್ಟುವ ಹೊತ್ತಿಗೆ ಕೃಷ್ಣಪಕ್ಷದ ಚೌತಿ ಇರಬೇಕು. ಮಂಗಳವಾರ ಸಂಜೆ 5ಕ್ಕೆ ಚೌತಿ ಹಿಡಿದು ಬುಧವಾರ ಮಧ್ಯಾಹ್ನ 4ಕ್ಕೆ ಮುಗಿದರೆ, ಚಂದ್ರೋದಯಕ್ಕೆ ಚೌತಿ ಇರುವುದು ಮಂಗಳವಾರ ರಾತ್ರಿ ಮಾತ್ರ. ಮಂಗಳವಾರ ಬಿದ್ದದ್ದರಿಂದ ಅದು ಅಂಗಾರಕ ಸಂಕಷ್ಟಿಯೂ ಆಯಿತು. 1790ರಲ್ಲಿ ಪಂಢರಪುರದ ಕಾಶೀನಾಥ ಉಪಾಧ್ಯಾಯರು ರಚಿಸಿದ ಧರ್ಮಸಿಂಧು ಎಂಬ ಧರ್ಮಶಾಸ್ತ್ರದ ಗ್ರಂಥ ಉಳಿದ ಸಂದರ್ಭಗಳನ್ನೂ ಬಿಡಿಸಿ ಹೇಳುತ್ತದೆ: ಎರಡೂ ರಾತ್ರಿ ಚಂದ್ರೋದಯಕ್ಕೆ ಚೌತಿ ಇದ್ದರೆ ತದಿಗೆ ಕೂಡಿದ ಮೊದಲ ದಿನ, ಎರಡೂ ರಾತ್ರಿ ಇಲ್ಲದಿದ್ದರೆ ಎರಡನೇ ದಿನ. ತದಿಗೆಯ ದೇವತೆ ಗೌರಿ, ಚೌತಿಯದು ಗಣಪ. ತಾಯಿಯ ಜೊತೆಗಿರುವ ಮಗನ ತಿಥಿ ಮೇಲು ಎಂದು ಹಿಂದಿನವರು ಕಂಡ ಕಾರಣ ಎಷ್ಟು ಆಪ್ತವಾದದ್ದು! ಭಾದ್ರಪದದ ಗಣೇಶ ಚೌತಿಗೆ ಮಾತ್ರ ನೋಡುವುದು ಮಧ್ಯಾಹ್ನದ ಹೊತ್ತು. ಅದನ್ನು ಇದರ ಜೊತೆ ಬೆರೆಸಬೇಡಿ.

ಮೋಡಕ್ಕೆ ಕಾಯಬೇಕಾಗಿಲ್ಲ. ಪಂಚಾಂಗದಲ್ಲಿರುವ ಚಂದ್ರೋದಯದ ಸಮಯ ಕಳೆದ ಮೇಲೆ ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಕೊಟ್ಟು ಊಟ ಮಾಡಿ. ಹುಣ್ಣಿಮೆಯಂದು ಮುಳುಗುವ ಸೂರ್ಯನ ಜೊತೆಗೇ ಹುಟ್ಟುವ ಚಂದ್ರ ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ ಮಾಡುತ್ತಾ ಹೋಗಿ ಚೌತಿಗೆ ಸಾಮಾನ್ಯವಾಗಿ ರಾತ್ರಿ 8ರಿಂದ 10ರ ಆಸುಪಾಸಿಗೆ ಬರುತ್ತಾನೆ. ಮಲೆನಾಡಿನಲ್ಲಿ ಗುಡ್ಡದ ತೊಡಕು ಬೇರೆ: ಪೂರ್ವಕ್ಕೆ 10 ಡಿಗ್ರಿ ಎತ್ತರದ ಗುಡ್ಡವಿದ್ದರೆ ಚಂದ್ರ ಕಣ್ಣಿಗೆ ಬೀಳುವುದು 40 ನಿಮಿಷಕ್ಕೂ ಮೇಲೆ ತಡವಾಗಿ. ಕಂಡ ಮೇಲೆಯೇ ಊಟ ಎನ್ನುವವರು ಕಾಯಲಿ, ಸಂತೋಷ. ದಿನ ಗೊತ್ತು ಮಾಡಲು ಮಾತ್ರ ಗಣಿತದ ಚಂದ್ರೋದಯವೇ ಪ್ರಮಾಣ.

ಪ್ರಶ್ನೆ: ಶಿವರಾತ್ರಿಗೆ ನಡುರಾತ್ರಿ 12ಕ್ಕೆ ಸರಿಯಾಗಿ ಅಭಿಷೇಕ ಮಾಡುತ್ತೇವೆ. ಸರಿಯೇ? (ಚಿಕ್ಕಮಗಳೂರು)

ಉತ್ತರ: ಗಡಿಯಾರದ 12 ನಮ್ಮ ನಡುರಾತ್ರಿಯಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಚಿಕ್ಕಮಗಳೂರು ಅದಕ್ಕಿಂತ 27 ನಿಮಿಷ ಹಿಂದೆ. ಫೆಬ್ರವರಿಯಲ್ಲಿ ಸೂರ್ಯನೇ ಇನ್ನೂ 14 ನಿಮಿಷ ತಡ. ಎರಡೂ ಸೇರಿ ನಿಜವಾದ ನಡುರಾತ್ರಿ 12.41. ರಾತ್ರಿಯನ್ನು 15 ಭಾಗ ಮಾಡಿದರೆ ಎಂಟನೆಯದು ನಿಶೀಥ. ಫೆಬ್ರವರಿ ನಡುವಿನಲ್ಲಿ ಅದು ಸುಮಾರು 12.16ರಿಂದ 1.05ರವರೆಗೆ. 12ಕ್ಕೆ ಶುರು ಮಾಡಿ ಹತ್ತು ನಿಮಿಷದಲ್ಲಿ ಮಂಗಳಾರತಿ ಎತ್ತಿದರೆ ನಿಶೀಥ ಬರುವ ಮುಂಚೆಯೇ ಪೂಜೆ ಮುಗಿದುಹೋಯಿತು. ನಾಲ್ಕು ಯಾಮಗಳ (ರಾತ್ರಿಯ ನಾಲ್ಕು ಸಮಭಾಗಗಳ) ಪೂಜೆ ಮಾಡುವವರು ಸೂರ್ಯಾಸ್ತ 6.32, ಸೂರ್ಯೋದಯ 6.50 ಎಂದು ಹಿಡಿದರೆ ಯಾಮಗಳು 6.32, 9.36, 12.41, 3.45ಕ್ಕೆ ಆರಂಭ.

ದಿನ ಹಿಡಿಯುವುದೂ ಈ ನಿಶೀಥದಿಂದಲೇ. 2026ರ ಶಿವರಾತ್ರಿಯಲ್ಲಿ ಚತುರ್ದಶಿ ಫೆಬ್ರವರಿ 15ರ ಸಂಜೆ 5ರ ಹೊತ್ತಿಗೆ ಹಿಡಿದು 16ರ ಸಂಜೆ ಐದೂವರೆಯ ಹೊತ್ತಿಗೆ ಮುಗಿಯುತ್ತದೆ. ಸೂರ್ಯೋದಯಕ್ಕೆ ಚತುರ್ದಶಿ ಇರುವುದು 16ರ ಸೋಮವಾರ, ಆದರೆ ಅಂದಿನ ರಾತ್ರಿಗೆ ಅಮಾವಾಸ್ಯೆ. ಹಾಗಾಗಿ ಉಪವಾಸ, ಜಾಗರಣೆ 15ರ ಭಾನುವಾರ. ‘ಸೋಮವಾರ, ಅದೂ ಚತುರ್ದಶಿ’ ಎಂದು ಮನಸ್ಸು ಆಸೆಪಟ್ಟರೂ ರಾತ್ರಿಗೆ ತಿಥಿಯೇ ಇಲ್ಲ. ಹೀಗೆ ಚತುರ್ದಶಿ ಬೆಳಗಿನ ನಂತರವೂ ಉಳಿದ ವರ್ಷ ಪಾರಣೆಯನ್ನು ಬೆಳಿಗ್ಗೆಯೇ, ಚತುರ್ದಶಿ ಇರುವಾಗಲೇ ಮಾಡುವುದು.

ತಿಂಗಳ ಪ್ರದೋಷಕ್ಕೆ ಸೂರ್ಯಾಸ್ತದಿಂದ 6 ಘಟಿ, ಸುಮಾರು 2 ಗಂಟೆ 24 ನಿಮಿಷದೊಳಗೆ ತ್ರಯೋದಶಿ ಇದೆಯೇ ನೋಡಿದರೆ ಮುಗಿಯಿತು.

ಪ್ರಶ್ನೆ: ಮನೆಯಲ್ಲಿ ಎರಡು ಪಂಚಾಂಗಗಳಿವೆ. ಒಂದೇ ತಿಥಿಗೆ ಮೂರು ಗಂಟೆ ವ್ಯತ್ಯಾಸ. ಯಾವುದನ್ನು ನಂಬುವುದು?

ಉತ್ತರ: ಮೊದಲ ಪುಟಗಳಲ್ಲಿ ದೃಗ್ಗಣಿತವೋ (ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ಲೆಕ್ಕ) ಸೂರ್ಯಸಿದ್ಧಾಂತವೋ (ಹಳೆಯ ಗ್ರಂಥದ ಲೆಕ್ಕ) ಎಂದು ಬರೆದಿರುತ್ತದೆ, ನೋಡಿ. ಹಳೆಯ ಸಿದ್ಧಾಂತದ ಚಂದ್ರಗಣಿತ ಗ್ರಹಣಗಳಿಗೆ ಹೊಂದುವಂತೆ ಕೂಡಿಸಿದ್ದು. ಆದ್ದರಿಂದ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಎರಡೂ ಹತ್ತಿರ ಬರುತ್ತವೆ; ಅಷ್ಟಮಿಯ ಸುತ್ತ ದೂರ ಸರಿಯುತ್ತವೆ, ಕೆಲವೊಮ್ಮೆ ಐದು ಗಂಟೆಯ ಹತ್ತಿರಕ್ಕೂ. ಏಕಾದಶಿ ಈ ಎರಡರ ನಡುವೆ ಬೀಳುವುದರಿಂದ ತಕರಾರು ಅದಕ್ಕೇ ಜಾಸ್ತಿ. ಆಕಾಶದ ಚಂದ್ರನಿಗೆ ಹೊಂದುವುದು ದೃಗ್ಗಣಿತ. ನಮ್ಮ ಒಲವೂ ಅದರ ಕಡೆಗೇ. ಆದರೆ ಮನೆತನದ ಮಠ ಸಿದ್ಧಾಂತ ಪಂಚಾಂಗವನ್ನು ಅನುಸರಿಸುತ್ತಿದ್ದರೆ ಅದನ್ನೇ ವರ್ಷಪೂರ್ತಿ ಹಿಡಿಯಿರಿ. ಮಾಡಬಾರದ್ದು ಒಂದೇ: ಉಪವಾಸವನ್ನು ಒಂದು ಪಂಚಾಂಗದಿಂದ, ಪಾರಣೆಯನ್ನು ಇನ್ನೊಂದರಿಂದ ತೆಗೆಯುವುದು. ಆಗ ಹರಿವಾಸರದಲ್ಲೇ ಊಟಕ್ಕೆ ಕೂರುವ ಹಾಗಾಗುತ್ತದೆ.

ಪ್ರಶ್ನೆ: ಉತ್ತರದ ಟಿವಿ ವಾಹಿನಿಗಳು ಶಿವರಾತ್ರಿಯನ್ನು ಫಾಲ್ಗುಣ ಎನ್ನುತ್ತವೆ, ನಮ್ಮಲ್ಲಿ ಮಾಘ. ದಿನವೂ ಬೇರೆಯೇ?

ಉತ್ತರ: ದಿನ ಒಂದೇ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಆದ್ದರಿಂದ ಕೃಷ್ಣಪಕ್ಷಕ್ಕೆ ಅವರು ಮುಂದಿನ ತಿಂಗಳ ಹೆಸರು ಹೇಳುತ್ತಾರೆ. ಶುಕ್ಲಪಕ್ಷದ ಹೆಸರು ಎರಡೂ ಕಡೆ ಅದೇ.