ಬಲ್ಗೇರಿಯಾದ ಪ್ಲೋವ್ದಿವ್‌ನಲ್ಲಿ ಒಂದು ದಿನ ಬಿಡುವಿದೆ. ಬಾಚ್ಕೊವೊ ಮಠಕ್ಕೆ ಹೋಗಿಬರಬಹುದೇ? ಅಲ್ಲಿ ಏನು ನೋಡಬೇಕು?

ಧಾರಾಳವಾಗಿ ಹೋಗಿಬನ್ನಿ, ಅರ್ಧ ದಿನ ಸಾಕು. ಮಠ ಇರುವುದು ರೊಡೊಪಿ ಬೆಟ್ಟಗಳ ಬುಡದಲ್ಲಿ, ಚೆಪೆಲಾರೆ ನದಿ ಕಣಿವೆಯಲ್ಲಿ. ಪ್ಲೋವ್ದಿವ್‌ನಿಂದ ಸುಮಾರು 30 ಕಿ.ಮೀ. ರೊಡೊಪಿ ಬಸ್ ನಿಲ್ದಾಣದಲ್ಲಿ ಸ್ಮೋಲ್ಯಾನ್ ಬಸ್ ಹತ್ತಿ. ಎಡವಟ್ಟಾಗುವುದು ಇಳಿಯುವಾಗ: ಬರೀ ‘ಬಾಚ್ಕೊವೊ’ ಅಂದರೆ ಊರಲ್ಲೇ ಇಳಿಸಿಬಿಡುತ್ತಾರೆ, ಮಠದ ತಿರುವು ಇನ್ನೂ ಒಂದು ಕಿ.ಮೀ. ಮುಂದಿದೆ. ‘ಮನಾಸ್ತಿರ್’ ಅನ್ನಿ. ಡ್ರೈವರ್ ತಲೆ ಅಡ್ಡ ಆಡಿಸಿದರೆ ಗಾಬರಿಯಾಗಬೇಡಿ, ಬಲ್ಗೇರಿಯಾದಲ್ಲಿ ಅದು ಹೌದು ಅಂತ. ಮೇಲೆ ಕೆಳಗೆ ಆಡಿಸಿದರೆ ಇಲ್ಲ. ನಮ್ಮ ತಲೆಯಾಟ ಅವರಿಗೆ ಒಗಟೇ; ‘ದಾ’ (ಹೌದು), ‘ನೆ’ (ಇಲ್ಲ) ಎಂದು ಬಾಯಲ್ಲೇ ಹೇಳುವುದು ಕ್ಷೇಮ. ತಿರುವಿನಿಂದ ಏರುದಾರಿಯಲ್ಲಿ ಸ್ವಲ್ಪ ನಡಿಗೆ.

ಮಠ ಕಟ್ಟಿಸಿದ್ದು 1083ರಲ್ಲಿ, ಬೈಜಾಂಟೈನ್ ಸೇನೆಯ ಜಾರ್ಜಿಯನ್ ದಂಡನಾಯಕ ಗ್ರಿಗೊರಿ ಪಕುರಿಯಾನಿ. ಗ್ರೀಕ್ ಸನ್ಯಾಸಿಗಳನ್ನು ಸೇರಿಸಕೂಡದೆಂದು ಮಠದ ಕಟ್ಟಳೆಯಲ್ಲೇ ಬರೆಸಿದ್ದ! ಆ ಕಾಲದ್ದಾಗಿ ಉಳಿದಿರುವುದು ಈಗಿನ ಆವರಣದಿಂದಾಚೆಗಿನ ಎರಡಂತಸ್ತಿನ ಅಸ್ಥಿಗೃಹ ಮಾತ್ರ: ಕೆಳಗೆ ಸನ್ಯಾಸಿಗಳ ಮೂಳೆ ಇಡುವ ನೆಲಮಾಳಿಗೆ, ಮೇಲೆ ಪ್ರಾರ್ಥನಾಗೃಹ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ.

ಜನ ನೇರವಾಗಿ 1604ರ ದೊಡ್ಡ ಚರ್ಚಿಗೆ ನುಗ್ಗಿ, ಬೆಳ್ಳಿ ಕವಚದ ಮಾತೆ ಮರಿಯಳ ಪವಿತ್ರ ಚಿತ್ರಪಟವಾದ ಐಕಾನ್‌ಗೆ ಸಾಲು ನಿಂತು, ಅಷ್ಟಕ್ಕೇ ಹೊರಡುತ್ತಾರೆ. ನನ್ನ ಮಟ್ಟಿಗೆ ಅಸಲು ಸರಕು ಇನ್ನೆರಡು ಕಡೆ ಇದೆ. ಒಂದು ಊಟದ ಮನೆ: 1601ರ ಉದ್ದನೆಯ ಅಮೃತಶಿಲೆ ಮೇಜು, ಮೇಲೆ ಕಮಾನು ಚಾವಣಿ ತುಂಬ 1643ರ ಚಿತ್ರಗಳು. ಬಾಗಿಲು ಮುಚ್ಚಿದ್ದರೆ ಕೇಳಿ ತೆರೆಸಿಕೊಳ್ಳಿ. ಇನ್ನೊಂದು ಸಂತ ನಿಕೊಲಾಯ್ ಚರ್ಚಿನ ಮುಂಗೋಣೆ. 1840ರಲ್ಲಿ ಚಿತ್ರಕಾರ ಜಖಾರಿ ಜೊಗ್ರಾಫ್ ಬರೆದ ‘ಅಂತಿಮ ತೀರ್ಪು’ ಅಲ್ಲಿದೆ. ನರಕದ ಕಡೆ ಹೋಗುತ್ತಿರುವವರ ಬಟ್ಟೆ ನೋಡಿ: ಅಂದಿನ ಪ್ಲೋವ್ದಿವ್ ಸಾಹುಕಾರರ ಠೀವಿಯದ್ದು. ತನ್ನ ಗಡ್ಡವಿಲ್ಲದ ಮುಖವನ್ನೂ ಜೊಗ್ರಾಫ್ ಮೇಲೆ ಸೇರಿಸಿದ್ದಾನೆ.

ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ. ಮೇಣದ ಬತ್ತಿಗೆ ಯೂರೋ ಚಿಲ್ಲರೆ ಇರಲಿ; 2026ರಿಂದ ಅಲ್ಲಿ ಹಳೆಯ ಹಣ ಲೆವ್ ಇಲ್ಲ. ಬದುಕಿರುವವರಿಗಾಗಿ ಹಚ್ಚುವ ಬತ್ತಿ ಮೇಲಿನ ತಟ್ಟೆಗೆ, ತೀರಿಕೊಂಡವರದ್ದು ಕೆಳಗಿನದಕ್ಕೆ. ಹೊಸಬರು ಇದನ್ನೇ ಅದಲುಬದಲು ಮಾಡುವುದು. ಈಸ್ಟರ್ ಮರುದಿನ ಐಕಾನ್ ಮೆರವಣಿಗೆ, ಆಗಸ್ಟ್ 15 ಮಠದ ಹಬ್ಬ. ಜಾತ್ರೆ ಬೇಕಿದ್ದರೆ ಆ ದಿನ ಹೋಗಿ; ಚಿತ್ರ ನೋಡಬೇಕಿದ್ದರೆ ಬೇಡ.