ಟ್ರಕ್ ಕಾರ್ಖಾನೆಗಳ ಉತ್ಪಾದಕತೆಯನ್ನು ಹೋಲಿಸುವುದು ಹೇಗೆ?

ಒಂದು ಭಾರೀ ಟ್ರಕ್ ತಯಾರಿಸಲು ತಗಲುವ ದುಡಿಮೆಯ ಗಂಟೆಗಳನ್ನು ನೋಡಿ ಯಾವ ಕಂಪನಿ ಮುಂದಿದೆ ಎಂದು ಹೇಳಬಹುದೇ ಎಂದು ತಾವು ಕೇಳಿದ್ದೀರಿ. ಉತ್ಪಾದನಾ ಯೋಜನೆಯ ಕೆಲಸದಲ್ಲಿ ಕೆಲವು ವರ್ಷ ಕಳೆದವನಾಗಿ ನನ್ನ ಉತ್ತರ: ಆ ಅಂಕಿಯನ್ನು ಒಂಟಿಯಾಗಿ ಓದಿದರೆ ದಾರಿ ತಪ್ಪುವ ಸಂಭವವೇ ಹೆಚ್ಚು.

ಮೊದಲ ತೊಡಕು ಬೇಡಿಕೆಯದು. ಟ್ರಕ್ ಕೊಳ್ಳುವವರು ಸರಕು ಸಾಗಣೆಯ ಲಾಭ ನಷ್ಟ ಲೆಕ್ಕ ಹಾಕಿಯೇ ಕೊಳ್ಳುವುದರಿಂದ ಈ ಮಾರುಕಟ್ಟೆಯ ಏರಿಳಿತ ಕಾರುಗಳದ್ದಕ್ಕಿಂತ ತೀವ್ರ. ಅಮೆರಿಕದಲ್ಲಿ 2007ರ ಮಾಲಿನ್ಯ ನಿಯಮ ಜಾರಿಯಾದರೆ ಟ್ರಕ್ಕುಗಳು ದುಬಾರಿಯಾಗುತ್ತವೆಂದು ಸಾಗಣೆದಾರರು 2006ರಲ್ಲೇ ಮುಗಿಬಿದ್ದು ಖರೀದಿಸಿದರು. ಮರುವರ್ಷ ಬೇಡಿಕೆ ಕುಸಿಯಿತು, ಅದು ಚೇತರಿಸಿಕೊಳ್ಳುವ ಮೊದಲೇ ಆರ್ಥಿಕ ಹಿಂಜರಿತ ಬಂದೆರಗಿತು. ಇಂಥ ಕುಸಿತದಲ್ಲಿ ಪಾಳಿಯೊಂದನ್ನು ನಿಲ್ಲಿಸಿದರೂ ನಿರ್ವಹಣೆ, ಗುಣಮಟ್ಟ ತಪಾಸಣೆ ಮತ್ತು ಮೇಲ್ವಿಚಾರಣೆಯ ಸಿಬ್ಬಂದಿಯನ್ನು ಅದೇ ಪ್ರಮಾಣದಲ್ಲಿ ಇಳಿಸಲಾಗದು. ಆದ್ದರಿಂದ ಯಾರೊಬ್ಬರ ಕೆಲಸ ನಿಧಾನವಾಗದಿದ್ದರೂ ಪ್ರತಿ ಟ್ರಕ್ಕಿನ ಗಂಟೆಗಳು ಏರುತ್ತವೆ. ಉತ್ಕರ್ಷದ ವರ್ಷಗಳಲ್ಲಿ ಆಡಳಿತ ಮಂಡಳಿಗಳು ಹೆಮ್ಮೆಯಿಂದ ಪ್ರಕಟಿಸುವ ಸುಧಾರಣೆಯಲ್ಲೂ ಬಹುಪಾಲು ಈ ಲೆಕ್ಕಾಚಾರದ ಕೊಡುಗೆಯೇ.

ಎರಡನೆಯದು, ಕಾರ್ಖಾನೆಯೊಳಗೆ ಏನೇನು ತಯಾರಾಗುತ್ತದೆ ಎಂಬುದು. ಉತ್ತರ ಅಮೆರಿಕದಲ್ಲಿ ಕಮಿನ್ಸ್ ಎಂಜಿನ್, ಈಟನ್ ಗೇರ್‌ಬಾಕ್ಸ್‌ಗಳನ್ನು ಹೊರಗಿನಿಂದ ತಂದು ಜೋಡಿಸುವ ಪದ್ಧತಿ ಬಹುಕಾಲದ್ದು. ಯುರೋಪಿನ ಸ್ಕಾನಿಯಾ, ವೋಲ್ವೋಗಳು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳನ್ನು ತಾವೇ ತಯಾರಿಸುತ್ತ ಬಂದಿವೆ. ಕೊಂಡು ತಂದ ಭಾಗದ ದುಡಿಮೆ ಪೂರೈಕೆದಾರನ ಖಾತೆಯಲ್ಲಿರುತ್ತದೆ. ಹೀಗಾಗಿ ಹೊರಗುತ್ತಿಗೆ ಹೆಚ್ಚಿದಷ್ಟೂ ತಯಾರಕ ಕಾಗದದ ಮೇಲೆ ಚುರುಕಾಗಿ ಕಾಣುತ್ತಾನೆ. ಪ್ರತಿ ಉದ್ಯೋಗಿಯ ಮೌಲ್ಯವರ್ಧನೆಯನ್ನು, ಅಂದರೆ ಮಾರಾಟದ ಮೊತ್ತದಿಂದ ಕೊಂಡು ತಂದ ಭಾಗ, ಸಾಮಗ್ರಿಗಳ ವೆಚ್ಚ ಕಳೆದು ಉಳಿಯುವುದನ್ನು, ನೋಡುವುದು ಇದಕ್ಕಿಂತ ಮೇಲು, ಆದರೆ ಅದರಲ್ಲೂ ಬೆಲೆಯೇರಿಕೆ ಬೆರೆತಿರುತ್ತದೆ.

ನಿಜವಾದ ಗಳಿಕೆ ಎಲ್ಲಿಂದ ಬಂದಿತೆಂದರೆ, ನನ್ನ ದೃಷ್ಟಿಯಲ್ಲಿ ರೋಬೋಟುಗಳಿಗಿಂತ ವಿನ್ಯಾಸದಿಂದಲೇ ಹೆಚ್ಚು. ಕ್ಯಾಬಿನ್ನಿನ ಬೆಸುಗೆ ಮತ್ತು ಬಣ್ಣದ ವಿಭಾಗಗಳನ್ನು ಯಾಂತ್ರೀಕರಿಸುವುದು ಸುಲಭ. ಚಾಸಿಯ, ಅಂದರೆ ಟ್ರಕ್ಕಿನ ಕೆಳಚೌಕಟ್ಟಿನ, ಅಂತಿಮ ಜೋಡಣೆ ಹಾಗಲ್ಲ, ಏಕೆಂದರೆ ಒಂದರ ಹಿಂದೆ ಒಂದು ಬರುವ ಎರಡು ಟ್ರಕ್ಕುಗಳು ಆಕ್ಸಲ್‌ಗಳ ಸಂಖ್ಯೆ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಇಂಧನ ಟ್ಯಾಂಕಿನ ಜಾಗ ಎಲ್ಲದರಲ್ಲೂ ಬೇರೆಯಾಗಿರಬಹುದು. ನಾಲ್ಕು ಆಕ್ಸಲ್‌ಗಳ ಟಿಪ್ಪರ್ ಒಂದು ಬಂದಾಗ ಜೋಡಣಾ ಸಾಲಿನ ಕೆಲವು ನಿಲ್ದಾಣಗಳಲ್ಲಿ ಕೆಲಸ ಉಕ್ಕಿ ಹರಿದರೆ ಉಳಿದವು ಕಾಯುತ್ತ ನಿಲ್ಲುತ್ತವೆ, ಹಾಗಾಗಿ ಹೆಚ್ಚು ಕೆಲಸ ಬೇಡುವ ಇಂಥ ವಾಹನಗಳನ್ನು ಸರದಿಯಲ್ಲಿ ಹರಡಿ ಹಂಚುವುದೇ ಯೋಜಕನ ಮುಖ್ಯ ತಲೆನೋವು. ಸ್ಕಾನಿಯಾ ದಶಕಗಳಿಂದ ಅನುಸರಿಸುತ್ತಿರುವ ಮಾಡ್ಯುಲರ್ ಪದ್ಧತಿ ಈ ತೊಡಕನ್ನು ಬೇರಿನಲ್ಲೇ ಹಿಡಿಯುತ್ತದೆ: ಭಾಗಗಳು ಸಂಧಿಸುವ ಜಾಗಗಳನ್ನು ಏಕರೂಪವಾಗಿಟ್ಟರೆ, ಕೆಲವೇ ಬಗೆಯ ಬಿಡಿಭಾಗಗಳಿಂದ ಬಹು ಬಗೆಯ ಟ್ರಕ್ಕುಗಳನ್ನು ಕಟ್ಟಬಹುದು, ಕೆಲಸಗಾರನ ಕೈಚಲನೆಯೂ ಹೆಚ್ಚು ಬದಲಾಗುವುದಿಲ್ಲ.

2021ರ ಚಿಪ್ ಕೊರತೆ ಇನ್ನೊಂದು ಎಚ್ಚರಿಕೆ. ಬಹುಪಾಲು ಪೂರ್ಣಗೊಂಡ ಟ್ರಕ್ಕುಗಳು ಚಿಪ್ ಬೇಕಾದ ಒಂದೆರಡು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳಿಗಾಗಿ ಅಂಗಳದಲ್ಲಿ ಕಾದವು. ಬಳಿಕ ಅವನ್ನು ಪೂರ್ಣಗೊಳಿಸುವ ಮರುಕೆಲಸಕ್ಕೆ ತಗುಲಿದ ಗಂಟೆಗಳು ಎಷ್ಟೋ ಬಾರಿ ಬೇರೊಂದು ಲೆಕ್ಕಕ್ಕೆ ಸೇರುತ್ತವೆ.

ಹಾಗಾಗಿ ಎರಡು ಕಂಪನಿಗಳನ್ನು ಎದುರುಬದುರು ನಿಲ್ಲಿಸುವ ಬದಲು, ಒಂದೇ ಕಾರ್ಖಾನೆಯ ಅಂಕಿಗಳನ್ನು ಒಂದು ಪೂರ್ಣ ಏರಿಳಿತದ ಅವಧಿಗೆ ತೆಗೆದುಕೊಂಡು, ಉತ್ಪಾದನೆ ಸರಿಸುಮಾರು ಸಮನಾಗಿದ್ದ ವರ್ಷಗಳನ್ನಷ್ಟೇ ಹೋಲಿಸಿ, ಮರುಕೆಲಸದ ಗಂಟೆಗಳು ಸೇರಿವೆಯೇ ಎಂಬುದನ್ನು ಮೊದಲು ವಿಚಾರಿಸಿ.